ಕಾಗೆ ಮುಟ್ಟಿತು ಎಂಬ ಸುಳ್ಳು

ಒಂದು ಕಾಲಕ್ಕೆ ನಮ್ಮ ಮಲೆನಾಡು, ಕರಾವಳಿಯ ಅನೇಕ ಮನೆಗಳಲ್ಲಿ ಮಕ್ಕಳಿಗೆಂದೇ ಮೀಸಲಾದ ಒಂದು ಸುಳ್ಳಿತ್ತು. ತಿಂಗಳಿಗೊಮ್ಮೆ ತಾಯಿ ಅಡಿಗೆಮನೆ ಬಿಟ್ಟು ಹೊರಜಗಲಿಯಲ್ಲೋ ಹಿತ್ತಿಲ ಕಡೆಯ ಕೋಣೆಯಲ್ಲೋ ಚಾಪೆ ಹಾಸಿಕೊಂಡು ಕೂರುವಳು. ಅವಳ ತಟ್ಟೆ, ಲೋಟ ಬೇರೆ; ಕುಡಿಯುವ ನೀರನ್ನೂ ಯಾರಾದರೂ ಎತ್ತಿ ಹೊಯ್ಯಬೇಕು. ಏನೂ ತಿಳಿಯದ ಮಗು ಓಡಿಹೋಗಿ ತೊಡೆಯೇರಲು ನೋಡಿದರೆ ಅಜ್ಜಿ ಒಳಗಿನಿಂದಲೇ ಕೂಗುವಳು: 'ಮುಟ್ಟಬೇಡ, ಅಮ್ಮನಿಗೆ ಕಾಗೆ ಮುಟ್ಟಿದೆ.' ಕಾಗೆ ಯಾವಾಗ ಬಂತು, ಎಲ್ಲಿ ಮುಟ್ಟಿತು, ಲೆಕ್ಕ ಇಟ್ಟವರಂತೆ ತಿಂಗಳಿಗೊಮ್ಮೆ ಅಮ್ಮನನ್ನೇ ಯಾಕೆ ಹುಡುಕಿಕೊಂಡು ಬರುತ್ತದೆ, ಅಪ್ಪನನ್ನು ಒಮ್ಮೆಯೂ ಯಾಕೆ ಮುಟ್ಟುವುದಿಲ್ಲ ಎಂಬ ಪ್ರಶ್ನೆಗಳು ಮಗುವಿನ ಬಾಯಿಗೆ ಬರುತ್ತಿದ್ದವು. ಉತ್ತರ ಮಾತ್ರ ಬರುತ್ತಿರಲಿಲ್ಲ.

ಇದೊಂದು ದೊಡ್ಡ ವಿಷಯವೇ ಎಂದು ಕೇಳುವವರಿದ್ದಾರೆ. ಮಕ್ಕಳಿಗೆ ನಾವು ಎಷ್ಟು ಸುಳ್ಳು ಹೇಳುವುದಿಲ್ಲ? ಊಟ ಮಾಡದಿದ್ದರೆ ಗುಮ್ಮ ಬರುತ್ತಾನೆ ಎನ್ನುತ್ತೇವೆ. ತಮ್ಮನನ್ನು ಆಸ್ಪತ್ರೆಯಿಂದ ಕೊಂಡುತಂದೆವು ಎನ್ನುತ್ತೇವೆ. ನಿಜ. ಆದರೆ ಗುಮ್ಮನ ಸುಳ್ಳು ಮಗು ಬೆಳೆದಂತೆ ತಾನಾಗಿ ಉದುರಿಹೋಗುತ್ತದೆ. ಅದರಿಂದ ಯಾರಿಗೂ ನಷ್ಟವಿಲ್ಲ. ಕಾಗೆಯ ಸುಳ್ಳು ಹಾಗಲ್ಲ. ಕೇಳುತ್ತಿರುವ ಮಗು ಹೆಣ್ಣಾಗಿದ್ದರೆ, ಇನ್ನು ಏಳೆಂಟು ವರ್ಷದಲ್ಲಿ ಅವಳ ಮೈಯಲ್ಲೇ ನಡೆಯಬೇಕಾದ ಸಂಗತಿಯ ಬಗ್ಗೆ ಹೇಳಿದ ಸುಳ್ಳು ಅದು. ಒಬ್ಬರ ಸ್ವಂತ ಶರೀರದ ಬಗ್ಗೆ ಅವರಿಗೇ ಸುಳ್ಳು ಹೇಳುವ ಹಕ್ಕು ಪ್ರೀತಿಗೆ ಇದೆಯೇ? ಸುಳ್ಳನ್ನು ಬಿಟ್ಟು ಬರಿಯ ಮೌನ ತಾಳಿದರೆ ಆ ಮೌನವಾದರೂ ನಿರಪರಾಧಿಯೇ? ಈಗ ಹೊರಗೆ ಕೂರುವ ಪದ್ಧತಿ ಬಹಳ ಮನೆಗಳಲ್ಲಿ ಸಡಿಲವಾಗಿದೆ, ಕಾಗೆಯ ಮಾತನ್ನು ಆಡುವವರೂ ಕಡಿಮೆಯಾಗಿದ್ದಾರೆ. ಮೌನ ಮಾತ್ರ ಹಾಗೇ ಉಳಿದಿದೆ. ಆದ್ದರಿಂದ ಪ್ರಶ್ನೆಯೂ ಉಳಿದಿದೆ.

ಮೊದಲು ಆ ಸುಳ್ಳು ಏನು ಹೇಳುತ್ತದೆಂದು ನೋಡೋಣ. ಆ ಪುಟ್ಟ ವಾಕ್ಯದಲ್ಲಿ ಮೂರು ಮಾತು ಅಡಗಿವೆ. ಇದು ಹೊರಗಿನಿಂದ ಬಂದದ್ದು ಎನ್ನುವುದು ಒಂದು. ಇದೊಂದು ಆಕಸ್ಮಿಕ, ತಪ್ಪಿಸಿಕೊಳ್ಳಬಹುದಾಗಿದ್ದ ಅವಘಡ ಎನ್ನುವುದು ಎರಡನೆಯದು. ಇದು ಹೊಲಸು ಎನ್ನುವುದು ಮೂರನೆಯದು. ಶರೀರಶಾಸ್ತ್ರ ಹೇಳುವ ಸತ್ಯ ಈ ಮೂರಕ್ಕೂ ನೇರ ವಿರುದ್ಧವಾಗಿದೆ.

ಹೊರಗಿನಿಂದ ಬಂದದ್ದೇ? ಅಲ್ಲ; ಮೆದುಳಿನ ಬುಡದಿಂದ ಬಂದದ್ದು. ಅಲ್ಲಿ ಹೈಪೊಥಲಮಸ್ ಎಂಬ ಸಣ್ಣ ಭಾಗವೊಂದಿದೆ. ಅದು ಗಂಟೆಗೋ ಒಂದೂವರೆ ಗಂಟೆಗೋ ಒಮ್ಮೆ, ನಾಡಿ ಮಿಡಿದಂತೆ, ಒಂದು ಹಾರ್ಮೋನನ್ನು ತೊಟ್ಟಿಕ್ಕುತ್ತದೆ. ಅದರ ಸೂಚನೆ ಪಿಟ್ಯುಟರಿ ಗ್ರಂಥಿಗೆ, ಅಲ್ಲಿಂದ ಅಂಡಾಶಯಕ್ಕೆ ಹೋಗುತ್ತದೆ. ವಿಚಿತ್ರವೆಂದರೆ ಈ ಮಿಡಿತ ಮಗು ಗರ್ಭದಲ್ಲಿದ್ದಾಗಲೂ ಹುಟ್ಟಿದ ಮೊದಲ ಕೆಲವು ತಿಂಗಳುಗಳಲ್ಲೂ ಇರುತ್ತದೆ. ಆಮೇಲೆ ಯಾರೋ ತಡೆದು ನಿಲ್ಲಿಸಿದಂತೆ ವರ್ಷಗಟ್ಟಲೆ ಸುಮ್ಮನಾಗಿಬಿಡುತ್ತದೆ. ಸಾಮಾನ್ಯವಾಗಿ ಎಂಟರಿಂದ ಹದಿಮೂರರ ನಡುವೆ ಎಂದೋ ಒಂದು ರಾತ್ರಿ, ಹುಡುಗಿ ನಿದ್ದೆಯಲ್ಲಿರುವಾಗ, ಮತ್ತೆ ಮಿಡಿಯತೊಡಗುತ್ತದೆ. ಅದನ್ನು ಎಬ್ಬಿಸುವುದರಲ್ಲಿ ಕಿಸ್‌ಪೆಪ್ಟಿನ್ ಎಂಬ ವಸ್ತುವಿನ ಪಾತ್ರ ದೊಡ್ಡದೆಂದು 2003ರಲ್ಲಿ ತಿಳಿಯಿತು. ಆ ವಸ್ತುವಿನ ಸೂಚನೆಯನ್ನು ಗ್ರಹಿಸಲಾರದ ದೇಹ ತಾನಾಗಿ ಪ್ರಾಯಕ್ಕೆ ಬರಲಾರದು. 1980ರಲ್ಲಿ ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ಅರ್ನ್ಸ್ಟ್ ನೋಬಿಲ್ ಮತ್ತು ಸಂಗಡಿಗರು, ಇನ್ನೂ ಪ್ರಾಯಕ್ಕೆ ಬಾರದ ಹೆಣ್ಣು ಮಂಗಗಳಿಗೆ ಗಂಟೆಗೊಂದು ಮಿಡಿತದ ಲೆಕ್ಕದಲ್ಲಿ ಆ ಹಾರ್ಮೋನು ಕೊಟ್ಟು ನೋಡಿದರು. ಮಂಗಗಳಲ್ಲಿ ಋತುಚಕ್ರ ಶುರುವಾಯಿತು. ಕೊಡುವುದನ್ನು ನಿಲ್ಲಿಸಿದಾಗ ಅವು ಮತ್ತೆ ಬಾಲ್ಯಕ್ಕೆ ಮರಳಿದವು. ಅಂದರೆ ಪಿಟ್ಯುಟರಿ, ಅಂಡಾಶಯ ಎಲ್ಲ ಮೊದಲೇ ಸಿದ್ಧವಾಗಿ ಕೂತಿರುತ್ತವೆ. ಮೇಲಿನಿಂದ ಒಂದು ಅಪ್ಪಣೆ ಬರುವುದಷ್ಟೇ ಬಾಕಿ.

ಇದು ಆಕಸ್ಮಿಕವೇ? ಇದಕ್ಕಿಂತ ಕ್ರಮಬದ್ಧವಾದ ಕೆಲಸ ದೇಹದಲ್ಲಿ ಇನ್ನೊಂದಿಲ್ಲವೆನ್ನಬೇಕು. ಹುಡುಗಿಯರಲ್ಲಿ ಸಾಮಾನ್ಯವಾಗಿ ಮೊದಲು ಎದೆ ಮೊಗ್ಗೊಡೆಯುತ್ತದೆ. ಆಮೇಲೆ ಅವಳು ಸರ್ರನೆ ಎತ್ತರವಾಗುತ್ತಾಳೆ. ಹಿಂದಿನ ವರ್ಷದ ಲಂಗ ಮೊಣಕಾಲಿಗೆ ಬರುತ್ತದೆ. ಆ ಓಟ ನಿಧಾನವಾಗತೊಡಗಿದ ಮೇಲೆ, ಎದೆ ಮೂಡಿ ಸುಮಾರು ಎರಡು, ಎರಡೂವರೆ ವರ್ಷಕ್ಕೆ, ಮೊದಲ ಮುಟ್ಟು. ಈ ಲೆಕ್ಕವನ್ನು ಓದುಗರು ಗಮನಿಸಬೇಕೆಂದು ನನ್ನ ಕೋರಿಕೆ. ದೇಹ ಎರಡು ವರ್ಷ ಮುಂಚಿತವಾಗಿ ನೋಟೀಸು ಕೊಟ್ಟು ಬರುತ್ತದೆ. ಕೋರ್ಟಿನವರು, ಬ್ಯಾಂಕಿನವರು ಕೂಡ ಇಷ್ಟು ಅವಧಿ ಕೊಡುವುದಿಲ್ಲ. ಆ ನೋಟೀಸು ಮನೆಯ ಹೆಂಗಸರಿಗೆಲ್ಲ ಕಾಣುತ್ತದೆ. ದುಪಟ್ಟಾ ಹೊದೆಯಲು, ಜೋರಾಗಿ ನಗದಿರಲು, ಹುಡುಗರ ಜತೆ ಆಡದಿರಲು ಅವಳಿಗೆ ಹೇಳುತ್ತಾರೆ. ನೋಟೀಸಿನಲ್ಲಿ ಏನು ಬರೆದಿದೆ ಎಂಬುದನ್ನು ಮಾತ್ರ ಹೇಳುವುದಿಲ್ಲ.

ಇನ್ನು ಆ ರಕ್ತ ಬರುವ ಬಗೆ. ಹಸುವಿಗೆ ಮುಟ್ಟಿಲ್ಲ, ಬೆಕ್ಕಿಗಿಲ್ಲ. ಹೆಣ್ಣುನಾಯಿಯಲ್ಲಿ ಕಾಣುವ ರಕ್ತ ಅದು ಬೆದೆಗೆ ಬರುವ ಹೊತ್ತಿನದು, ಬೇರೆಯದೇ ಸಂಗತಿ. ಮನುಷ್ಯರು, ವಾನರರು, ಏಷ್ಯಾ ಆಫ್ರಿಕಾಗಳ ಮಂಗಗಳು, ಕೆಲವು ಬಾವಲಿಗಳು, 2016ರಲ್ಲಿ ಪತ್ತೆಯಾದಂತೆ ಮುಳ್ಳುಗೂದಲಿನ ಒಂದು ಜಾತಿಯ ಇಲಿ, ಹೀಗೆ ಮುಟ್ಟಾಗುವ ಪ್ರಾಣಿಗಳು ಕೆಲವೇ. ಕಾರಣವಿದೆ. ಹೆಚ್ಚಿನ ಪ್ರಾಣಿಗಳ ಗರ್ಭಕೋಶ, ಭ್ರೂಣ ಬಂದು ಬಾಗಿಲು ತಟ್ಟಿದ ಮೇಲೆ ತನ್ನ ಒಳಪದರವನ್ನು ಪೂರ್ತಿಯಾಗಿ ಸಿದ್ಧಮಾಡಿಕೊಳ್ಳುತ್ತದೆ. ನಮ್ಮದು ಅಷ್ಟು ಹೊತ್ತು ಕಾಯುವುದಿಲ್ಲ. ನೆಂಟರು ಬರಬಹುದೆಂದು ತಿಂಗಳು ತಿಂಗಳೂ ಮೊದಲೇ ಹಾಸಿಗೆ ಹಾಸಿಡುವ ಮನೆ ಅದು. ಅಂಡಾಣು ಹೊರಟುಹೋದ ಜಾಗದಲ್ಲಿ ಹಳದಿ ಬಣ್ಣದ ಒಂದು ತಾತ್ಕಾಲಿಕ ಗ್ರಂಥಿ ಹುಟ್ಟಿ, ಸುಮಾರು ಎರಡು ವಾರ ಪ್ರೊಜೆಸ್ಟರಾನ್ ಸುರಿಸಿ ಆ ಹಾಸಿಗೆಯನ್ನು ಕಾಪಾಡುತ್ತದೆ. ಗರ್ಭ ನಿಲ್ಲದಿದ್ದರೆ ಗ್ರಂಥಿ ಬಾಡುತ್ತದೆ, ಪ್ರೊಜೆಸ್ಟರಾನ್ ಇಳಿಯುತ್ತದೆ, ಒಳಪದರದ ಸುರುಳಿ ರಕ್ತನಾಳಗಳು ಬಿಗಿದುಕೊಳ್ಳುತ್ತವೆ, ಮೇಲಿನ ಪದರ ಕಳಚಿ ಹೊರಬರುತ್ತದೆ. 1940ರಲ್ಲಿ ಮಾರ್ಕಿ ಎಂಬ ವಿಜ್ಞಾನಿ ಮಂಗಗಳ ಗರ್ಭಕೋಶದ ಒಳಪದರದ ಚೂರುಗಳನ್ನು ಅವುಗಳ ಕಣ್ಣಿನೊಳಗೇ ಕಸಿಮಾಡಿ, ಈ ಬಿಗಿತ, ಈ ಕಳಚುವಿಕೆ ನಡೆಯುವುದನ್ನು ನೇರವಾಗಿ ನೋಡಿದ. ಕೆಳಗಿನ ಪದರ ಹಾಗೇ ಉಳಿದು, ಕೆಲವೇ ದಿನಗಳಲ್ಲಿ ಗಾಯದ ಗುರುತೂ ಇಲ್ಲದಂತೆ ಮತ್ತೆ ಬೆಳೆಯುತ್ತದೆ. ಮೈಯ ಬೇರೆ ಕಡೆ ಇಷ್ಟು ಚರ್ಮ ಸುಲಿದರೆ ಕಲೆ ಉಳಿಯದೆ ಇರುತ್ತದೆಯೇ?

ಮೂರನೆಯ ಮಾತು ಹೊಲಸಿನದು. ಮಗುವಿಗೆ ಹಾಸಿದ ಹಾಸಿಗೆ ಹೊಲಸಾಗುವುದು ಹೇಗೆ? ಒಂದು ಮುಟ್ಟಿನಲ್ಲಿ ಹೋಗುವ ರಕ್ತ ಸರಾಸರಿ 30ರಿಂದ 40 ಮಿಲಿಲೀಟರು; ಒಂದು ಸಣ್ಣ ಲೋಟದ ತಳ ಮುಚ್ಚುವಷ್ಟು. ಅದರಲ್ಲಿರುವುದು ಮೈಯ ರಕ್ತ, ಕಳಚಿದ ಪದರ, ಸ್ವಲ್ಪ ದ್ರವ. ಆದರೆ ಇಲ್ಲಿ ವಿಜ್ಞಾನದ ಪಕ್ಷ ವಹಿಸಿ ಅಜ್ಜಿಯರನ್ನು ಹಂಗಿಸುವ ಮೊದಲು ನಾವು ಒಂದು ಸಂಗತಿ ನೆನಪಿಡಬೇಕು. 1920ರಲ್ಲಿ, ಗಂಟಲುಮಾರಿ ರೋಗದ ಪರೀಕ್ಷೆಯಿಂದ ಹೆಸರುವಾಸಿಯಾಗಿದ್ದ ವಿಯೆನ್ನಾದ ವೈದ್ಯ ಬೇಲಾ ಶಿಕ್, ಮುಟ್ಟಾದ ಹೆಂಗಸು ಹಿಡಿದ ಹೂವು ಬಾಡುತ್ತದೆ, ಆದ್ದರಿಂದ ಅವಳ ಮೈಯಲ್ಲಿ ಒಂದು ವಿಷ ಹೊರಡುತ್ತಿರಬೇಕು ಎಂದು ಬರೆದ. ಆ ವಿಷವನ್ನು ಹುಡುಕುತ್ತ ಎಷ್ಟೋ ವಿದ್ವಾಂಸರು ದಶಕಗಟ್ಟಲೆ ಶ್ರಮಪಟ್ಟರು. ಅಂಥ ವಿಷವೇ ಇರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಹೆಸರಾಂತ ವೈದ್ಯರು ಮುಟ್ಟನ್ನು ನಾಯಿಯ ಬೆದೆಗೆ ಹೋಲಿಸಿ, ಗರ್ಭ ಕಟ್ಟುವುದು ಆ ದಿನಗಳ ಆಸುಪಾಸಿನಲ್ಲೇ ಎಂದು ನಂಬಿದ್ದರು. ಅಂಡಾಣು ಹೊರಬರುವುದು ಮುಂದಿನ ಮುಟ್ಟಿಗೆ ಸುಮಾರು ಎರಡು ವಾರ ಮೊದಲು ಎಂಬುದನ್ನು ಜಪಾನಿನ ಓಗಿನೊ, ಆಸ್ಟ್ರಿಯಾದ ಕ್ನೌಸ್ ಬೇರೆಬೇರೆಯಾಗಿ ತೋರಿಸಿದ್ದು 1920ರ ದಶಕದಲ್ಲಿ. ಕೋಟು ತೊಟ್ಟವರ ಮನೆಗೂ ಕಾಗೆ ಬಂದಿತ್ತು. ವ್ಯತ್ಯಾಸ ಇಷ್ಟೇ: ಅಲ್ಲಿ ಯಾರೋ ಒಬ್ಬರು ಎದ್ದು, ಕಾಗೆ ಎಲ್ಲಿದೆ ತೋರಿಸಿ ಎಂದು ಕೇಳಬಹುದಿತ್ತು. ನಮ್ಮ ಜಗಲಿಯಲ್ಲಿ ಕೇಳಿದ ಮಗುವಿಗೆ ಸಿಗುತ್ತಿದ್ದದ್ದು ಗದರಿಕೆ.

ಎಲ್ಲ ಮನೆಗಳೂ ಮುಚ್ಚಿಡುತ್ತಿದ್ದವೆಂದು ಹೇಳುವಂತಿಲ್ಲ. ಹಳೆ ಮೈಸೂರಿನ ಎಷ್ಟೋ ಜಾತಿಗಳಲ್ಲಿ ಹುಡುಗಿ ಮೈನೆರೆದರೆ ಊರಿಗೆಲ್ಲ ಗೊತ್ತಾಗಬೇಕು. ಸೋದರಮಾವ ಹಸಿ ಸೊಪ್ಪು ತಂದು ಗುಡಿಸಲು ಹಾಕುತ್ತಾನೆ. ಮುತ್ತೈದೆಯರು ಆರತಿ ಎತ್ತಿ ಒಸಗೆ ಹಾಡುತ್ತಾರೆ. ಎಳ್ಳು, ಬೆಲ್ಲ ಕುಟ್ಟಿದ ಚಿಗಳಿ, ಕೊಬ್ಬರಿ, ತುಪ್ಪ ತಿನ್ನಿಸುತ್ತಾರೆ. ಮುಚ್ಚಿಡುವ ಮನೆಗಿಂತ ಇದು ಎಷ್ಟೋ ಮೇಲು. ಅಲ್ಲಿ ಹುಡುಗಿಗೆ ಒಳ್ಳೆಯ ಊಟವಾದರೂ ಇದೆ, ಸಂಭ್ರಮವಿದೆ. ಆದರೆ ಆ ಸೊಪ್ಪಿನ ಗುಡಿಸಲಲ್ಲಿ ತಲೆತಗ್ಗಿಸಿ ಕೂತ ಹುಡುಗಿಯನ್ನು, ನಿನಗೆ ಏನಾಯಿತು ಗೊತ್ತೇ ಎಂದು ಕೇಳಿದರೆ, 'ದೊಡ್ಡವಳಾದೆನಂತೆ' ಎಂದಾಳು. ಆ 'ಅಂತೆ'ಯಲ್ಲಿ ಎಲ್ಲವೂ ಇದೆ. ಸುದ್ದಿ ಬೀದಿಗೆಲ್ಲ ಹಂಚಿಯಾಯಿತು. ಯಾರ ಮೈಯ ಸುದ್ದಿಯೋ ಅವಳಿಗೆ ಮಾತ್ರ ಪಾಲು ಸಿಗಲಿಲ್ಲ.

ಹೀಗೆ ಮೊದಲ ಮುಟ್ಟು ಎಲ್ಲರ ಸೊತ್ತಾಗಿ ಅವಳದು ಮಾತ್ರ ಅಲ್ಲದೆ ಹೋದದ್ದರಿಂದ ಆದ ಅನಾಹುತ ಸಣ್ಣದಲ್ಲ. 1891ರಲ್ಲಿ ಬ್ರಿಟಿಷ್ ಸರ್ಕಾರ ಹುಡುಗಿಯರ ಸಮ್ಮತಿಯ ವಯಸ್ಸನ್ನು ಹತ್ತರಿಂದ ಹನ್ನೆರಡಕ್ಕೆ ಏರಿಸಹೊರಟಾಗ ದೇಶದಲ್ಲಿ ದೊಡ್ಡ ಗದ್ದಲವೆದ್ದಿತು. ಮೊದಲ ಋತುವಿನೊಡನೆ ಗರ್ಭಾಧಾನವಾಗಬೇಕೆಂಬ ಶಾಸ್ತ್ರಕ್ಕೆ ಇದು ಅಡ್ಡಿ ಎಂಬುದು ವಿರೋಧಿಗಳ ಮುಖ್ಯ ವಾದವಾಗಿತ್ತು. ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' ಕಾದಂಬರಿಯಲ್ಲಿ ಬಾಲವಿಧವೆಯಾದ ಹುಡುಗಿ ಮೈನೆರೆದೊಡನೆ ಅವಳ ತಲೆ ಬೋಳಿಸುತ್ತಾರೆ. ಒಂದು ಕಡೆ ಹಾಸಿಗೆಗೆ ಒಯ್ಯಲು, ಇನ್ನೊಂದು ಕಡೆ ಕ್ಷೌರದ ಕತ್ತಿಗೆ ಒಪ್ಪಿಸಲು, ಅದೇ ನಾಲ್ಕು ಹನಿ ರಕ್ತ ಸಾಕ್ಷಿ. ಪ್ರಾಯ ಎನ್ನುವುದು ಒಂದು ದಿನದ ಘಟನೆಯಲ್ಲ, ನಾಲ್ಕೈದು ವರ್ಷಗಳ ನಿಧಾನದ ಕೆಲಸ. ಮೊದಲ ಒಂದೆರಡು ವರ್ಷ ಬಹಳಷ್ಟು ಚಕ್ರಗಳಲ್ಲಿ ಅಂಡಾಣುವೇ ಹೊರಬರುವುದಿಲ್ಲ. ಎಲುಬು, ಸೊಂಟ ಇನ್ನೂ ಬೆಳೆಯುತ್ತಿರುತ್ತವೆ. ಮುಟ್ಟಾದಳು ಎಂದರೆ ಸಿದ್ಧಳಾದಳು ಎಂದಲ್ಲ ಎಂಬ ಈ ಒಂದು ತಿಳಿವಳಿಕೆ ಇದ್ದಿದ್ದರೆ ಎಷ್ಟು ಹುಡುಗಿಯರ ಪ್ರಾಣ ಉಳಿಯುತ್ತಿತ್ತೋ.

ನಮ್ಮ ಪರಂಪರೆಯಲ್ಲಿ ಬೇರೆ ದಾರಿಗಳೂ ಇದ್ದವು. ಹನ್ನೆರಡನೆಯ ಶತಮಾನದ ಶರಣರು ತೊರೆದ ಐದು ಸೂತಕಗಳಲ್ಲಿ ರಜಸ್ಸಿನ ಸೂತಕವೂ ಒಂದು. ಜನನ, ಮರಣ, ಎಂಜಲು, ಜಾತಿ ಉಳಿದ ನಾಲ್ಕು. ಮುಟ್ಟಿನ ಮೈಲಿಗೆಯನ್ನು ಜಾತಿಯ ಮೈಲಿಗೆಯ ಪಕ್ಕದಲ್ಲೇ ಇಟ್ಟು ಎರಡನ್ನೂ ಒಟ್ಟಿಗೆ ತಳ್ಳಿಹಾಕಿದ್ದು ಸಾಮಾನ್ಯ ಮಾತಲ್ಲ. ತುಳುನಾಡಿನಲ್ಲಿ ಫೆಬ್ರವರಿಯ ನಡುವಿಗೆ ಮೊದಲು, ಪೊನ್ನಿ ತಿಂಗಳ ಕೊನೆಗೆ, ಕೆಡ್ಡಸ ಬರುತ್ತದೆ. ಮೂರು ದಿನ ಭೂಮಿತಾಯಿ ಮುಟ್ಟಾಗಿರುತ್ತಾಳೆ. ನೇಗಿಲು ಹೂಡುವಂತಿಲ್ಲ, ಹಾರೆ ಹಾಕುವಂತಿಲ್ಲ. ಕೊನೆಗೆ ಅಂಗಳದಲ್ಲಿ ಎಣ್ಣೆ, ಅರಸಿನ, ಕುಂಕುಮ ಇಟ್ಟು ಅವಳಿಗೆ ಸ್ನಾನ ಮಾಡಿಸುತ್ತಾರೆ. ಅಲ್ಲಿ ಭೂಮಿಯನ್ನು ಮುಟ್ಟದಿರುವುದು ಅವಳು ಹೊಲಸೆಂದಲ್ಲ, ಅವಳಿಗೆ ನೋಯಬಾರದೆಂದು. ದೂರವಿಡುವುದಕ್ಕೂ ದಣಿಯದಂತೆ ನೋಡಿಕೊಳ್ಳುವುದಕ್ಕೂ ಇರುವ ಅಂತರ ನಮ್ಮ ಜನಕ್ಕೆ ಚೆನ್ನಾಗಿಯೇ ತಿಳಿದಿತ್ತು. ಮಣ್ಣಿಗೆ ತೋರಿಸಿದ ಆ ಸೂಕ್ಷ್ಮವನ್ನು ಮನೆಯ ಹುಡುಗಿಗೆ ತೋರಿಸಲಿಲ್ಲ.

ಇಷ್ಟಾದ ಮೇಲೂ ಹಿರಿಯ ಹೆಂಗಸರು ಎತ್ತುವ ಆಕ್ಷೇಪಗಳಿವೆ; ಅವನ್ನು ಹಗುರವಾಗಿ ಕಾಣಬಾರದು. 'ನಮಗೆ ಯಾರು ಹೇಳಿದ್ದರು? ನಾವೇನು ಬದುಕಲಿಲ್ಲವೇ?' ಎಂಬುದು ಮೊದಲನೆಯದು. ಬದುಕಿದರು, ನಿಜ. ಆದರೆ ಶಾಲೆಯ ಮೂತ್ರಿಯಲ್ಲೋ ಗದ್ದೆಯ ಬದುವಿನಲ್ಲೋ ತನ್ನ ಬಟ್ಟೆಯ ಮೇಲೆ ರಕ್ತ ಕಂಡು, ಯಾವುದೋ ರೋಗ ಬಂತು, ಸಾಯುತ್ತೇನೆ ಎಂದುಕೊಂಡ ಆ ಒಂದು ಗಂಟೆಯನ್ನು ಅವರು ಯಾರೂ ಮರೆತಿಲ್ಲ. ಎಪ್ಪತ್ತು ದಾಟಿದವರೂ ಆ ದಿನವನ್ನು ನಿನ್ನೆಯಂತೆ ಹೇಳುವುದನ್ನು ಕೇಳಿದ್ದೇನೆ. ದಾಟಿಬಂದ ಭಯವನ್ನು ಮೊಮ್ಮಗಳೂ ದಾಟಲಿ ಎನ್ನುವುದು ಶಿಸ್ತೆನಿಸಬಹುದು, ನ್ಯಾಯವೆನಿಸದು.

'ಮೊದಲೇ ಹೇಳಿದರೆ ಮುಗ್ಧತೆ ಕೆಡುತ್ತದೆ' ಎಂಬುದು ಎರಡನೆಯದು. ಮುಗ್ಧತೆಯೆಂದರೆ ಮನಸ್ಸಿನಲ್ಲಿ ಕೇಡಿಲ್ಲದಿರುವುದು. ತಿಳಿವಳಿಕೆ ಇಲ್ಲದಿರುವುದು ಬೇರೆ. ಹಲ್ಲು ಬೀಳುವುದನ್ನು ತಿಳಿದ ಮಗು ಮುಗ್ಧತೆ ಕಳೆದುಕೊಳ್ಳುವುದಿಲ್ಲ. ಅಜ್ಞಾನದ ಹುಡುಗಿಗಿಂತ ತಿಳಿದ ಹುಡುಗಿಯೇ, ಯಾರಾದರೂ ಕೆಟ್ಟ ಉದ್ದೇಶದಿಂದ ಹತ್ತಿರ ಬಂದಾಗ, ಮನೆಗೆ ಬಂದು ಹೇಳಬಲ್ಲಳು. ಹೇಳಲು ಅವಳಲ್ಲಿ ಮಾತಿದೆ.

ಮೂರನೆಯದು ಎಲ್ಲಕ್ಕಿಂತ ಗಟ್ಟಿಯಾದದ್ದು: 'ಇದು ಗುಟ್ಟಿನ ವಿಷಯ. ಎಲ್ಲವನ್ನೂ ಬಯಲಿಗೆ ತಂದರೆ ನಾಚಿಕೆಗೆ ಬೆಲೆ ಏನು?' ಈ ಮಾತಿನ ಅರ್ಧ ನನಗೆ ಒಪ್ಪಿಗೆ. ಹೆಣ್ಣಿಗೆ ತನ್ನ ಗುಟ್ಟನ್ನು ತನ್ನಲ್ಲಿಟ್ಟುಕೊಳ್ಳುವ ಹಕ್ಕಿದೆ. ಆದರೆ ಗುಟ್ಟಿಗೂ ಸುಳ್ಳಿಗೂ ಒಂದು ವ್ಯತ್ಯಾಸವಿದೆ. ಗುಟ್ಟು ಅದರ ಒಡತಿಯ ಕೈಯಲ್ಲಿರುತ್ತದೆ. ಬೇಕಾದವರಿಗೆ ಹೇಳುತ್ತಾಳೆ, ಬೇಡದವರಿಗೆ ಬಿಡುತ್ತಾಳೆ. ಒಡತಿಗೇ ತಿಳಿಯದಂತೆ ಇತರರು ಕಾಪಾಡಿದರೆ ಅದು ಗುಟ್ಟಲ್ಲ. ಹುಡುಗಿಗೆ ಅವಳ ಮೈಯ ಸಂಗತಿ ಹೇಳುವುದು ಬಯಲು ಮಾಡಿದಂತಲ್ಲ, ಅವಳದನ್ನು ಅವಳಿಗೆ ಒಪ್ಪಿಸಿದಂತೆ.

ಒಪ್ಪಿಸದಿದ್ದರೆ ಆಗುವ ನಷ್ಟ ಬರಿಯ ಮನಸ್ಸಿನದಲ್ಲ. ಯಾವುದು ಸಹಜವೆಂದು ತಿಳಿಯದವಳಿಗೆ ಯಾವುದು ಅಸಹಜವೆಂದೂ ತಿಳಿಯುವುದಿಲ್ಲ. ಮೊದಲ ವರ್ಷಗಳಲ್ಲಿ ಚಕ್ರ ಇಪ್ಪತ್ತೊಂದರಿಂದ ನಲವತ್ತೈದು ದಿನದವರೆಗೆ ಹಿಂದುಮುಂದಾದರೆ ಗಾಬರಿ ಬೇಡ. ಆದರೆ ಎಂಟು ತುಂಬುವ ಮೊದಲೇ ಎದೆ ಮೂಡಿದರೆ, ಹದಿನೈದು ತುಂಬಿದರೂ ಮುಟ್ಟಾಗದಿದ್ದರೆ, ವಾರ ಮೀರಿ ರಕ್ತ ಹೋದರೆ, ಗಂಟೆಗೊಂದು ಪ್ಯಾಡ್ ನೆನೆದರೆ, ಶಾಲೆಗೆ ಹೋಗಲಾರದಷ್ಟು ನೋವಾದರೆ ವೈದ್ಯರಿಗೆ ತೋರಿಸಬೇಕು. 'ಎಲ್ಲರಿಗೂ ಇರುವುದೇ, ಸಹಿಸಿಕೋ' ಎಂಬ ಒಂದು ಮಾತಿನಿಂದ ಎಂಡೊಮೆಟ್ರಿಯೋಸಿಸ್‌ನಂಥ ಕಾಯಿಲೆಗಳು ವರ್ಷಗಟ್ಟಲೆ ಗುರುತು ಸಿಗದೆ ಉಳಿಯುತ್ತವೆ. ರಕ್ತಹೀನತೆ ಸೋಮಾರಿತನದ ಹೆಸರಿನಲ್ಲಿ ಬೈಸಿಕೊಳ್ಳುತ್ತದೆ.

ಸರ್ಕಾರ ಏನೂ ಮಾಡಿಲ್ಲವೆನ್ನಲಾಗದು. ನಮ್ಮ ರಾಜ್ಯದಲ್ಲಿ ಶಾಲಾ ಹುಡುಗಿಯರಿಗೆ ಉಚಿತ ಪ್ಯಾಡ್ ಕೊಡುವ 'ಶುಚಿ' ಯೋಜನೆ ಬಂತು. 2025ರ ಅಕ್ಟೋಬರಿನಲ್ಲಿ ಸಚಿವ ಸಂಪುಟ, ದುಡಿಯುವ ಹೆಂಗಸರಿಗೆ ತಿಂಗಳಿಗೊಂದು ದಿನ ಸಂಬಳ ಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತು. ಇವು ಒಳ್ಳೆಯ ಕೆಲಸಗಳೇ. ಆದರೆ ಮೆಡಿಕಲ್ ಅಂಗಡಿಯಲ್ಲಿ ಇವತ್ತಿಗೂ ಪ್ಯಾಡನ್ನು ಕಾಗದದಲ್ಲಿ ಸುತ್ತಿ ಕಪ್ಪು ಚೀಲದಲ್ಲಿ ಹಾಕಿ ಕೊಡುತ್ತಾರೆ. ಕಾಗೆಯ ಬಣ್ಣ ಇನ್ನೂ ಬಿಟ್ಟಿಲ್ಲ. ಪ್ರೌಢಶಾಲೆಯಲ್ಲಿ ಸಂತಾನೋತ್ಪತ್ತಿಯ ಪಾಠ ಬಂದಾಗ 'ಮನೆಯಲ್ಲಿ ಓದಿಕೊಳ್ಳಿ' ಎಂದು ಪುಟ ಮಗುಚುವ ಮಾಸ್ತರರು ಇದ್ದೇ ಇದ್ದಾರೆ. ಮನೆಯವರು 'ಶಾಲೆಯಲ್ಲಿ ಹೇಳುತ್ತಾರೆ' ಎಂದುಕೊಂಡಿರುತ್ತಾರೆ. ಅಲ್ಲದೆ ಆ ಪಾಠ ಬರುವ ಹೊತ್ತಿಗೆ ತರಗತಿಯ ಎಷ್ಟೋ ಹುಡುಗಿಯರಿಗೆ ಅದು ಕಳೆದ ವರ್ಷದ ಸುದ್ದಿ. ಹುಡುಗರಿಗಂತೂ ಯಾರೂ ಏನೂ ಹೇಳುವುದಿಲ್ಲ. ಹೇಳದ ಹುಡುಗ ಬೆಂಚಿನ ಮೇಲಿನ ಕಲೆ ನೋಡಿ ನಗುತ್ತಾನೆ. ಹೇಳಿಸಿಕೊಂಡವನು ತನ್ನ ಸ್ವೆಟರ್ ಬಿಚ್ಚಿ ಕೊಡಬಲ್ಲ. ಅವನ ತಂಗಿಗೂ ಮುಂದೆ ಅವನ ಹೆಂಡತಿ, ಮಗಳಿಗೂ ಈ ವ್ಯತ್ಯಾಸದಿಂದ ಬದುಕು ಬೇರೆಯಾಗುತ್ತದೆ.

ಹೇಳಬೇಕಾದದ್ದು ಹತ್ತು ನಿಮಿಷದ ಮಾತು. 'ನೋಡು ಪುಟ್ಟಿ, ನೀನು ದೊಡ್ಡವಳಾಗುತ್ತಿದ್ದೀಯ. ಇನ್ನೊಂದೆರಡು ವರ್ಷದಲ್ಲಿ ಎಂದಾದರೂ ಒಂದು ದಿನ ಚಡ್ಡಿಯಲ್ಲಿ ರಕ್ತ ಕಾಣುತ್ತದೆ. ಗಾಯವಲ್ಲ, ರೋಗವಲ್ಲ. ನಿನ್ನ ಹೊಟ್ಟೆಯೊಳಗೆ ಮಗು ಬೆಳೆಯುವ ಒಂದು ಚೀಲ ಇದೆ. ಅದು ತಿಂಗಳಿಗೊಮ್ಮೆ ತನ್ನ ಒಳಗಿನ ಪದರ ಬದಲಾಯಿಸುತ್ತದೆ. ಸ್ವಲ್ಪ ನೋಯಬಹುದು. ಪ್ಯಾಡ್ ಇಲ್ಲಿ ಇಟ್ಟಿದ್ದೇನೆ. ಶಾಲೆಯಲ್ಲಾದರೆ ಟೀಚರಿಗೆ ಹೇಳು. ನನಗೂ ಹೀಗೇ ಆಗುತ್ತದೆ, ಅಜ್ಜಿಗೂ ಆಗುತ್ತಿತ್ತು.' ಇದನ್ನು ಹೇಳಲು ಡಾಕ್ಟರಾಗಬೇಕಿಲ್ಲ. ತಾಯಿ ಹೇಳಬಹುದು, ಅಕ್ಕ ಹೇಳಬಹುದು. ತಾಯಿಯಿಲ್ಲದ ಮನೆಯಲ್ಲಿ ತಂದೆಯೇ ಹೇಳಬೇಕು. ಆ ಹುಡುಗಿಯ ಅಂಡಾಶಯದಲ್ಲಿರುವ ಅಂಡಾಣುಗಳೆಲ್ಲ ಅವಳು ತಾಯಿಯ ಗರ್ಭದಲ್ಲಿದ್ದಾಗಲೇ ರೂಪುಗೊಂಡವು; ಅವಳು ಹುಟ್ಟಿದ ಅಂಡಾಣು ಅವಳ ತಾಯಿ ಅಜ್ಜಿಯ ಗರ್ಭದಲ್ಲಿದ್ದಾಗ ಮೂಡಿದ್ದು. ದೇಹ ಮೂರು ತಲೆಮಾರಿನಿಂದ ಈ ದಿನಕ್ಕೆ ಸಿದ್ಧವಾಗುತ್ತ ಬಂದಿದೆ. ಹತ್ತು ನಿಮಿಷ ಕೂತು ಮಾತಾಡುವಷ್ಟು ಸಿದ್ಧತೆಯನ್ನು ಮನೆಯ ದೊಡ್ಡವರೂ ಮಾಡಿಕೊಂಡರೆ ಸಾಕು.